ಚಿಕ್ಕ ಕಾರಿಗೆ ಟ್ರೇಲರಿನ ಹಿಚ್ಚು ಕೂಡಿಸುವ ಬಗೆ

ಹೋದ ತಿಂಗಳು ಒಂದು ರವಿವಾರ ಸಂಜೆ ನಾವು ವಾಚನಾಲಯದ ಪತ್ರಿಕೆಗಳನ್ನು ಮಡಿಸಿಡುತ್ತಿದ್ದಾಗ ವಾಚಕರೊಬ್ಬರು ಬಂದು ಒಂದು ಪ್ರಶ್ನೆ ಕೇಳಿದರು. ಅವರು ವಿಜಯಪುರ ಜಿಲ್ಲೆಯವರು. ಇಲ್ಲಿ ಮುಂಬಯಿಯ ಒಂದು ಗ್ಯಾರೇಜಿನಲ್ಲಿ ಫಿಟ್ಟರು. ಬೆಳಗಿನ ಇಡ್ಲಿ-ದೋಸೆ ಮಾರುವ ಗಿರಾಕಿಯೊಬ್ಬರು ತಮ್ಮ ಎರಡು ಗಾಲಿಯ ಗಾಡಿಯನ್ನು ಹಳೆಯ ಚಿಕ್ಕ ಕಾರಿನ ಹಿಂದೆ ಕಟ್ಟಿಕೊಂಡು ದಿನವೂ ಹೋಗಿಬರಬೇಕೆಂದಿದ್ದಾರೆ. ಗ್ಯಾರೇಜಿನ ಸೇಠರು, ಬಂಪರಿನ ಕೆಳಗೆ ಒಂದು ಆಂಗಲ್ ಕಬ್ಬಿಣವನ್ನು ವೆಲ್ಡ್ ಮಾಡಿ ಕೊಕ್ಕೆ ಹಾಕಿಬಿಡು, ಎರಡು ತಾಸಿನ ಕೆಲಸ, ಎಂದಿದ್ದಾರೆ. ನಮ್ಮ ವಾಚಕರಿಗೆ ಮನಸ್ಸು ಒಪ್ಪಿಲ್ಲ. "ಸೇಠರು ಹೇಳಿದ ಮ್ಯಾಲ ಆಗೂದಿಲ್ಲ ಅಂತ ಹ್ಯಾಂಗ ಹೇಳೂದ್ರಿ? ಹೇಳೂದಾದರ ಕಾರಣ ಬೇಕಲ್ರಿ" ಎಂದರು.

ಕಾರಣ ಬೇಕು ಎಂಬ ಮಾತು ನಮಗೆ ಹಿಡಿಸಿತು. ಆದುದರಿಂದ ಈ ತಿಂಗಳ ಪಾಠವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಗ್ಯಾರೇಜು, ವರ್ಕ್‌ಶಾಪುಗಳಲ್ಲಿ ದುಡಿಯುವವರು ನಮ್ಮಲ್ಲಿ ಅನೇಕರಿದ್ದಾರೆ. ಕಚೇರಿಯಲ್ಲಿ ಕುಳಿತು ಬರೆಯುವವರೂ ಓದಲಿ, ಲೆಕ್ಕ ಅವರ ಕೈಗೆ ಬೇಗ ಹತ್ತುತ್ತದೆ.

ಚಿಕ್ಕ ಕಾರಿನ ಹಿಂದೆ ಹಗುರ ಟ್ರೇಲರು ಕಟ್ಟುವುದು ನಮ್ಮ ದೇಶದಲ್ಲಿ ಅಪರೂಪ, ಇಂಗ್ಲೆಂಡಿನಲ್ಲಿ ತೀರ ಸಾಮಾನ್ಯ. ತೋಟದ ಕಸ, ಮನೆಯ ಸಾಮಾನು, ಚಿಕ್ಕ ದೋಣಿ, ಎಲ್ಲವನ್ನೂ ಜನರು ಹಾಗೆಯೇ ಒಯ್ಯುತ್ತಾರೆ. ಬಹುಕಾಲದ ರೂಢಿಯಾದ್ದರಿಂದ ಅಲ್ಲಿ ನಿಯಮಗಳೂ ಗಟ್ಟಿಯಾಗಿವೆ. ಅಲ್ಲಿಯ ಪದ್ಧತಿಯನ್ನೇ ಮುಂದಿಟ್ಟುಕೊಂಡು ಕಲಿಯೋಣ.

ಮೊದಲು ತಿಳಿಯತಕ್ಕ ಮಾತು: ಪಾನಾ ಕೈಗೆತ್ತಿಕೊಳ್ಳುವ ಮುಂಚೆ ಕಾರನ್ನು ಓದಬೇಕು. ಕಾರಿನ ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ಟಿನ ಕೆಳಗೋ ತಯಾರಕರು ಒಂದು ತಗಡು ಅಥವಾ ಚೀಟಿ ಅಂಟಿಸಿರುತ್ತಾರೆ. ಇಂಗ್ಲೆಂಡಿನ ಕಾರುಗಳಲ್ಲಿ ಅದರ ಮೇಲೆ ಸಾಧಾರಣವಾಗಿ ನಾಲ್ಕು ತೂಕಗಳಿರುತ್ತವೆ. ಮೊದಲನೆಯದು ಜನ-ಸಾಮಾನು ತುಂಬಿದ ಕಾರಿನ ಗರಿಷ್ಠ ತೂಕ. ಎರಡನೆಯದು ಕಾರು ಮತ್ತು ಟ್ರೇಲರು ಎರಡೂ ಸೇರಿದ ಗರಿಷ್ಠ ತೂಕ. ಮೂರನೆಯದೂ ನಾಲ್ಕನೆಯದೂ ಮುಂದಿನ ಮತ್ತು ಹಿಂದಿನ ಅಚ್ಚುಗಳ ಮೇಲೆ ಬೀಳಬಹುದಾದ ಭಾರ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ, ತುಂಬಿದ ಕಾರು ಎಳೆಯಬಹುದಾದ ಭಾರ ಸಿಗುತ್ತದೆ. ಆ ಎರಡನೆಯ ಅಂಕೆಯೇ ಇಲ್ಲದಿದ್ದರೆ? ಆ ಕಾರು ಸಾಮಾನ್ಯವಾಗಿ ಎಳೆಯಲು ಮಾಡಿದ್ದಲ್ಲವೆಂದು ತಿಳಿಯಬೇಕು. ಆಗ ಎಂಥ ಹಿಚ್ಚು ತಂದರೂ ಪಾಠ ಅಲ್ಲಿಗೇ ಮುಗಿಯಿತು. ನಮ್ಮಲ್ಲಿ ಓಡುವ ಹಲವು ಚಿಕ್ಕ ಕಾರುಗಳ ಕೈಪಿಡಿಯಲ್ಲಿ, ಈ ವಾಹನ ಟ್ರೇಲರು ಎಳೆಯುವುದಕ್ಕಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಕೈಪಿಡಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಹಾಗೆಯೇ ಬಿದ್ದಿರುತ್ತದೆ. ತೆಗೆದು ನೋಡುವವರೇ ಕಡಿಮೆ.

ಟ್ರೇಲರಿಗೆ ಅದರದೇ ಬ್ರೇಕು ಇಲ್ಲದಿದ್ದರೆ ಇಂಗ್ಲೆಂಡಿನಲ್ಲಿ ಇನ್ನೊಂದು ಮಿತಿ ಉಂಟು. ಸರಕು ಸಮೇತ ಅದರ ತೂಕ ಖಾಲಿ ಕಾರಿನ ತೂಕದ ಅರ್ಧವನ್ನು ಮೀರಬಾರದು. ಕಾರು ಎಷ್ಟೇ ದೊಡ್ಡದಾಗಿರಲಿ, ೭೫೦ ಕಿಲೋ ದಾಟಬಾರದು. ಖಾಲಿ ಕಾರು ೯೦೦ ಕಿಲೋ ಇದೆಯೆಂದುಕೊಳ್ಳೋಣ. ಅರ್ಧ ೪೫೦. ಟ್ರೇಲರು ತಾನೇ ೧೨೦ ಕಿಲೋ ಇದ್ದರೆ ಸರಕಿಗೆ ಉಳಿದದ್ದು ೩೩೦. ತಯಾರಕರು ಇದಕ್ಕಿಂತ ಕಡಿಮೆ ಅಂಕೆ ಕೊಟ್ಟಿದ್ದರೆ ಆ ಕಡಿಮೆಯದೇ ಲೆಕ್ಕ.

ಇಷ್ಟು ಬಿಗಿ ಯಾಕೆಂದು ಕೇಳಬಹುದು. ಎಂಜಿನ್ನಿಗೆ ಶಕ್ತಿ ಸಾಲದೆಂದಲ್ಲ. ಸಮತಟ್ಟು ರಸ್ತೆಯಲ್ಲಿ ಚಿಕ್ಕ ಎಂಜಿನ್ನೂ ಬಹಳ ಭಾರ ಎಳೆಯುತ್ತದೆ. ಕಷ್ಟವಿರುವುದು ನಿಲ್ಲಿಸುವುದರಲ್ಲಿ. ಬ್ರೇಕಿನ ಹಿಡಿತ ಅಷ್ಟೇ ಇದ್ದು ಎಳೆಯುವ ಒಟ್ಟು ತೂಕ ಒಂದೂವರೆ ಪಟ್ಟಾದರೆ ನಿಲ್ಲುವ ದೂರವೂ ಒಂದೂವರೆ ಪಟ್ಟಾಗುತ್ತದೆ. ವೇಗ ಇಮ್ಮಡಿಯಾದರಂತೂ ದೂರ ನಾಲ್ಮಡಿ. ಘಾಟು ಇಳಿಯುವಾಗ ಹಿಂದಿನ ಭಾರ ಕಾರನ್ನು ಮುಂದಕ್ಕೆ ನೂಕುತ್ತಲೇ ಇರುತ್ತದೆ.

ಇನ್ನು ಮುಂಭಾರದ ಮಾತು. ಹಿಚ್ಚಿನ ವಿಷಯದಲ್ಲಿ ಅನುಭವಿಗಳೂ ತಪ್ಪುವ ಸ್ಥಳ ಇದು. ನಮ್ಮಲ್ಲಿ ಹಳ್ಳಿಯಿಂದ ಬಂದವರು ಮಾತ್ರ ಇದನ್ನು ಒಂದೇ ಸಲಕ್ಕೆ ಹಿಡಿಯುತ್ತಾರೆ.

ಎತ್ತಿನ ಗಾಡಿಗೆ ಹೇರು ತುಂಬುವುದನ್ನು ನೆನಪಿಗೆ ತಂದುಕೊಳ್ಳಿ. ಚೀಲಗಳನ್ನೆಲ್ಲ ಮುಂದಕ್ಕೆ ಪೇರಿಸಿದರೆ ನೊಗ ಎತ್ತಿನ ಹೆಗಲ ಮೇಲೆ ಕುಳಿತು ಎತ್ತು ಕುಗ್ಗುತ್ತದೆ. ಹಿಂದಕ್ಕೆ ಪೇರಿಸಿದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಬಲ್ಲ ಗಾಡಿಕಾರ ನೊಗವನ್ನು ಕೈಯಲ್ಲಿ ಎತ್ತಿ ನೋಡಿ, ತುಸು ಮುಂಭಾರ ಬರುವ ಹಾಗೆ ಒಂದೆರಡು ಚೀಲ ಸರಿಸುತ್ತಾನೆ. ಟ್ರೇಲರಿಗೂ ಅದೇ ನ್ಯಾಯ. ಕಾರಿನ ಹಿಚ್ಚಿನ ಗುಂಡಿನ ಮೇಲೆ ಸ್ವಲ್ಪ ಭಾರ ಸದಾ ಕೂತಿರಬೇಕು. ಇಂಗ್ಲೆಂಡಿನಲ್ಲಿ ತುಂಬಿದ ಟ್ರೇಲರಿನ ತೂಕದಲ್ಲಿ ನೂರಕ್ಕೆ ಸುಮಾರು ಏಳು ಪಾಲು ಎನ್ನುತ್ತಾರೆ. ಅಮೆರಿಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು. ೩೦೦ ಕಿಲೋದ ಟ್ರೇಲರಿಗೆ ಏಳರ ಲೆಕ್ಕದಲ್ಲಿ ೨೧ ಕಿಲೋ, ಹತ್ತರ ಲೆಕ್ಕದಲ್ಲಿ ೩೦.

ಅಳೆಯುವುದು ಸುಲಭ. ಮನುಷ್ಯರು ನಿಂತು ತೂಗಿಕೊಳ್ಳುವ ಚಪ್ಪಟೆ ಯಂತ್ರವನ್ನು ನೆಲದ ಮೇಲಿಟ್ಟು, ಅದರ ಮೇಲೆ ಗುಂಡಿನ ಎತ್ತರಕ್ಕೆ ಸರಿಯಾದ ಒಂದು ಕಟ್ಟಿಗೆ ತುಂಡು ನಿಲ್ಲಿಸಿ, ಟ್ರೇಲರಿನ ಮೂತಿಯನ್ನು ಅದರ ಮೇಲೆ ಇಳಿಸಬೇಕು. ಟ್ರೇಲರು ನೆಲಕ್ಕೆ ಸಮವಾಗಿರಲಿ. ಅಂಕೆ ಕಡಿಮೆಯಾದರೆ ಸರಕನ್ನು ಮುಂದಕ್ಕೆ ಸರಿಸುವುದು. ಎಷ್ಟು ಸರಿಸಬೇಕೆಂಬುದಕ್ಕೂ ಲೆಕ್ಕವಿದೆ: ಸರಕಿನ ತೂಕವನ್ನು ಸರಿಸಿದ ದೂರದಿಂದ ಗುಣಿಸಿ, ಟ್ರೇಲರಿನ ಅಚ್ಚಿನಿಂದ ಗುಂಡಿನವರೆಗಿನ ದೂರದಿಂದ ಭಾಗಿಸಬೇಕು. ಆ ದೂರ ೨ ಮೀಟರು ಇದ್ದು ೫೦ ಕಿಲೋದ ಚೀಲವನ್ನು ೪೦ ಸೆಂಟಿಮೀಟರು ಮುಂದೆ ತಂದರೆ ಮುಂಭಾರ ೧೦ ಕಿಲೋ ಏರಿತು.

ಹೆಚ್ಚಿಸಿದಷ್ಟೂ ಒಳ್ಳೆಯದೇನಲ್ಲ. ಗುಂಡು ಕಾರಿನ ಹಿಂದಿನ ಅಚ್ಚಿಗಿಂತ ಹಿಂದೆ ಇರುವುದರಿಂದ ಕಾರು ಏತದ ಹಾಗೆ ಆಡುತ್ತದೆ: ಬಾಲ ತಗ್ಗಿದರೆ ಮೂಗು ಏಳುತ್ತದೆ. ಎರಡು ಅಚ್ಚುಗಳ ನಡುವೆ ೨.೪ ಮೀಟರು, ಹಿಂದಿನ ಅಚ್ಚಿನಿಂದ ಗುಂಡಿಗೆ ೦.೮ ಮೀಟರು ಇದ್ದರೆ, ಗುಂಡಿನ ಮೇಲಿನ ೩೦ ಕಿಲೋ ಹಿಂದಿನ ಗಾಲಿಗಳ ಮೇಲೆ ೪೦ ಕಿಲೋ ಆಗಿ ಬೀಳುತ್ತದೆ. ಮುಂದಿನ ಗಾಲಿಗಳಿಂದ ೧೦ ಕಿಲೋ ಕಳೆದುಹೋಗುತ್ತದೆ. ಈಗಿನ ಚಿಕ್ಕ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಗಾಲಿಗಳಿಂದಲೇ ಎಳೆಯುವವು, ತಿರುಗುವವೂ ಅವೇ. ಮಳೆಗಾಲದಲ್ಲಿ ಅವುಗಳ ಹಿಡಿತ ತಗ್ಗಿಸುವುದು ಒಳ್ಳೆಯದಲ್ಲ. ಆದುದರಿಂದಲೇ ಕಾರಿನ ತಯಾರಕರು ಮುಂಭಾರಕ್ಕೂ ಒಂದು ಗರಿಷ್ಠ ಅಂಕೆ ಕೊಟ್ಟಿರುತ್ತಾರೆ. ಹಿಚ್ಚಿಗೂ ಅದರದೇ ಮಿತಿ ಇರುತ್ತದೆ. ಎರಡರಲ್ಲಿ ಕಡಿಮೆಯದನ್ನು ಹಿಡಿಯಬೇಕು.

ಮುಂಭಾರ ಇಲ್ಲದೆ ಹಿಂಭಾರವಾದರೆ ಏನಾಗುತ್ತದೆಂಬುದನ್ನು ಬಿಡಿಸಿ ಹೇಳಲೇಬೇಕು. ಮೆಲ್ಲಗೆ ಹೋಗುವಾಗ ಏನೂ ತೋರುವುದಿಲ್ಲ. ವೇಗ ಏರಿದ ಮೇಲೆ, ಪಕ್ಕದಲ್ಲಿ ಒಂದು ಲಾರಿ ಹಾದಾಗ ಅದರ ಗಾಳಿಗೆ ಟ್ರೇಲರಿನ ಬಾಲ ಒಂದು ಕಡೆಗೆ ಸರಿಯುತ್ತದೆ, ತಿರುಗಿ ಇನ್ನೊಂದು ಕಡೆಗೆ. ಒಂದು ವೇಗ ದಾಟಿತೆಂದರೆ ಪ್ರತಿಯೊಂದು ತೂಗಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗಿ ಕೊನೆಗೆ ಟ್ರೇಲರು ಕಾರನ್ನೇ ತಿರುಗಿಸಿಬಿಡುತ್ತದೆ. ಅಂಥ ಸಮಯದಲ್ಲಿ ಜೋರಾಗಿ ಬ್ರೇಕು ಒತ್ತಬಾರದು, ವೇಗ ಹೆಚ್ಚಿಸಿ ಪಾರಾಗಲೂ ನೋಡಬಾರದು. ಎಕ್ಸಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೆಟ್ಟಗೆ ಹಿಡಿದು, ತಾನಾಗಿ ನಿಧಾನವಾಗಗೊಡಬೇಕು. ಟ್ರೇಲರು ಕಟ್ಟಿದ ಕಾರಿಗೆ ಇಂಗ್ಲೆಂಡಿನ ಸಾಧಾರಣ ಹೆದ್ದಾರಿಗಳಲ್ಲಿ ಗಂಟೆಗೆ ೫೦ ಮೈಲಿಯ, ಅಂದರೆ ಸುಮಾರು ೮೦ ಕಿಲೋಮೀಟರಿನ, ಮಿತಿ ಇಟ್ಟಿದ್ದಾರೆ.

ಈಗ ಕೂಡಿಸುವ ಕೆಲಸ. ಬಂಪರು ಎನ್ನುವುದು ಈಗಿನ ಕಾರುಗಳಲ್ಲಿ ಪ್ಲಾಸ್ಟಿಕ್ ಹೊದಿಕೆ, ಅದರೊಳಗೆ ಡಿಕ್ಕಿಯ ಪೆಟ್ಟು ತಡೆಯುವ ಒಂದು ಅಡ್ಡಪಟ್ಟಿ. ದಿನದಿನದ ಎಳೆತಕ್ಕೆ ಅದು ಆಧಾರವಲ್ಲ. ಸಾಮಾನು ಇಡುವ ಹಿಂಭಾಗದ ತಳದ ಎರಡೂ ಬದಿಗೆ, ಉದ್ದಕ್ಕೆ ಹೋದ ಪೆಟ್ಟಿಗೆಯಾಕಾರದ ಉಕ್ಕಿನ ತೊಲೆಗಳಿರುತ್ತವೆ. ಹಿಚ್ಚು ಹಿಡಿಯಬೇಕಾದದ್ದು ಆ ತೊಲೆಗಳನ್ನು. ಎಳೆಯಲೆಂದೇ ಯೋಚಿಸಿ ಮಾಡಿದ ಕಾರುಗಳಲ್ಲಿ ತಯಾರಕರೇ ಅಲ್ಲಿ ತೂತು ಬಿಟ್ಟು ರಬ್ಬರು ಬಿರಡೆ ಹಾಕಿರುತ್ತಾರೆ. ಕೆಲವುದರಲ್ಲಿ ಒಳಗೇ ನಟ್ಟು ಕೂಡಿಸಿರುತ್ತಾರೆ. ಆ ಮಾದರಿಯ ಕಾರಿಗೆಂದೇ ಮಾಡಿ, ಪರೀಕ್ಷೆಯಾಗಿ ಮುದ್ರೆ ಬಿದ್ದ ಹಿಚ್ಚು ಆ ತೂತುಗಳಿಗೆ ಸರಿಯಾಗಿ ಕೂರುತ್ತದೆ. ೧೯೯೮ರ ಆಗಸ್ಟ್ ೧ರಿಂದ ಈಚೆಗೆ ಇಂಗ್ಲೆಂಡಿನಲ್ಲಿ ಮೊದಲು ನೋಂದಣಿಯಾದ, ಮಾದರಿ ಅನುಮತಿ ಪಡೆದ ಕಾರುಗಳಿಗೆ ಇಂಥ ಹಿಚ್ಚೇ ಬೇಕು.

ಕೆಲಸದ ಕ್ರಮ ಹೀಗೆ: ಬ್ಯಾಟರಿಯ ತಂತಿ ಬಿಚ್ಚಿ, ಬಂಪರಿನ ಹೊದಿಕೆ ತೆಗೆದು, ತೊಲೆಗಳ ತುಕ್ಕು, ಮಣ್ಣು, ತಳಕ್ಕೆ ಹಚ್ಚಿದ ಡಾಂಬರಿನಂಥ ಲೇಪ ಇವುಗಳನ್ನು ಕೆರೆಯಬೇಕು. ಲೇಪದ ಮೇಲೆಯೇ ಹಿಚ್ಚು ಕೂಡಿಸಿದರೆ ಅದು ನಾಳೆ ಹಿಚುಕಿ ಬೋಲ್ಟು ಸಡಿಲಾಗುತ್ತದೆ. ಹಿಚ್ಚಿನ ಕೈಹಾಳೆ ತೂತು ಕೊರೆಯಲು ಹೇಳಿದ್ದರೆ, ಕೊರೆಯುವ ಮೊದಲು ಆಚೆ ಬದಿಗೆ ಪೆಟ್ರೋಲ್ ಟಾಂಕಿ, ಬ್ರೇಕಿನ ನಳಿಗೆ, ತಂತಿಗಳು ಇವೆಯೇ ಎಂದು ಕಣ್ಣಾರೆ ನೋಡಬೇಕು. ಕೊರೆದ ಅಂಚಿಗೆ ಬಣ್ಣ ಹಚ್ಚದೆ ಬಿಡಬಾರದು. ಮುಂಬಯಿಯ ಹವೆಯಲ್ಲಿ ಒಂದು ಮಳೆಗಾಲ ಸಾಕು, ತುಕ್ಕು ಒಳಗೆ ಇಳಿಯುತ್ತದೆ. ತೊಲೆಯನ್ನು ಅಡ್ಡ ಹಾಯ್ದು ಹೋಗುವ ಬೋಲ್ಟಿಗೆ ಒಳಗೆ ಒಂದು ಕೊಳವೆ ತುಂಡು ಕೊಟ್ಟಿರುತ್ತಾರೆ. ಅದನ್ನು ಬಿಟ್ಟು ಬಿಗಿದರೆ ತೊಲೆ ತಗಡಿನ ಡಬ್ಬಿಯ ಹಾಗೆ ಅಪ್ಪಚ್ಚಿಯಾಗುತ್ತದೆ, ಬೋಲ್ಟೂ ಬಿಗಿಯಾಗಿ ನಿಲ್ಲುವುದಿಲ್ಲ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದಲೇ ತಿರುಗಿಸಿ ಕೂಡಿಸಿ, ಹಿಚ್ಚು ಕಾರಿನ ನಡುಮಧ್ಯಕ್ಕೆ ಬಂದದ್ದನ್ನು ಅಳೆದು, ಆಮೇಲೆ ಟಾರ್ಕ್ ಪಾನಾದಿಂದ ಕೈಹಾಳೆಯಲ್ಲಿ ಹೇಳಿದಷ್ಟೇ ಬಿಗಿಯತಕ್ಕದ್ದು. ಸ್ವಲ್ಪ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿತ ನೋಡಬೇಕು.

ವೆಲ್ಡಿಂಗು ಯಾಕೆ ಬೇಡ? ತೊಲೆಯ ಉಕ್ಕು ತೆಳುವಾದದ್ದು. ಕಾಯಿಸಿದ ಜಾಗದಲ್ಲಿ ಅದರ ಗುಣವೇ ಬದಲಾಗುತ್ತದೆ, ತುಕ್ಕು ತಡೆಯುವ ಲೇಪ ಸುಟ್ಟುಹೋಗುತ್ತದೆ, ಬಿರುಕು ಆ ಅಂಚಿನಲ್ಲೇ ಹುಟ್ಟುತ್ತದೆ. ಹಿಚ್ಚು ಕಳಚುವುದು ಮೊದಲ ದಿನವಲ್ಲ. ಸಾವಿರ ಗುಂಡಿಗಳನ್ನು ಹಾಯ್ದ ಮೇಲೆ.

ಗುಂಡಿನ ಅಳತೆ ಇಂಗ್ಲೆಂಡು, ಯುರೋಪುಗಳಲ್ಲಿ ೫೦ ಮಿಲಿಮೀಟರು. ಅಮೆರಿಕದ್ದು ೨ ಇಂಚು, ಅಂದರೆ ೫೦.೮. ನೋಡಲು ಒಂದೇ ತರಹ. ಎರಡು ಇಂಚಿನ ಬಟ್ಟಲಿಗೆ ೫೦ರ ಗುಂಡು ಹಾಕಿದರೆ ಸಡಿಲ ಉಳಿಯುತ್ತದೆ. ಮಾರುವವನು ನಡೆಯುತ್ತದೆ ಎಂದರೆ ಕೇಳಬೇಡಿ. ಭಾರ ಹೇರಿದ ಕಾರಿನಲ್ಲಿ ಗುಂಡಿನ ನಡುಬಿಂದು ನೆಲದಿಂದ ೩೫ರಿಂದ ೪೨ ಸೆಂಟಿಮೀಟರು ಎತ್ತರದಲ್ಲಿರಬೇಕು. ಬ್ರೇಕಿಲ್ಲದ ಟ್ರೇಲರಿಗೆ ಗುಂಡಿನ ಜೋಡಣೆಯ ಜತೆಗೆ ಒಂದು ಸರಪಳಿಯೂ ಬೇಕು. ಜೋಡಣೆ ಕಳಚಿದರೆ ಮೂತಿ ನೆಲಕ್ಕೆ ತಾಗದಷ್ಟು ಗಿಡ್ಡ, ತಿರುವಿನಲ್ಲಿ ಬಿಗಿಯದಷ್ಟು ಉದ್ದ ಅದು ಇರಲಿ.

ಕೊನೆಗೆ ದೀಪಗಳು. ಹಿಂದಿನಿಂದ ಬರುವವನಿಗೆ ಕಾರಿನ ದೀಪ ಕಾಣುವುದಿಲ್ಲ, ಟ್ರೇಲರಿನದೇ ಕಾಣಬೇಕು. ಇಂಗ್ಲೆಂಡಿನ ಏಳು ಕಡ್ಡಿಯ ಸಾಕೆಟ್ಟಿನ ತಂತಿಗಳು ಹೀಗಿವೆ: ೧ ಹಳದಿ, ಎಡದ ಇಂಡಿಕೇಟರು, ೨ ನೀಲಿ, ಮಂಜಿನ ದೀಪ, ೩ ಬಿಳಿ, ಅರ್ತಿಂಗು, ೪ ಹಸಿರು, ಬಲದ ಇಂಡಿಕೇಟರು, ೫ ಕಂದು, ಬಲದ ಹಿಂದೀಪ, ೬ ಕೆಂಪು, ಬ್ರೇಕಿನ ದೀಪ, ೭ ಕಪ್ಪು, ಎಡದ ಹಿಂದೀಪ. ಇಂಡಿಕೇಟರು ಹಾಕಿದಾಗ ಹಿಂದೀಪಗಳೂ ಮಿಣುಕಿದರೆ ಮೊದಲು ಬಿಳಿಯ ತಂತಿಯನ್ನು ನೋಡಿ. ಬಹಳ ಮಾಡಿ ಅರ್ತಿಂಗು ಕೆಟ್ಟಿರುತ್ತದೆ. ಹೊಸ ಕಾರುಗಳಲ್ಲಿ ದೀಪಗಳನ್ನು ಒಂದು ಕಂಪ್ಯೂಟರು ಕಾಯುತ್ತಿರುತ್ತದೆ. ಅದರ ತಂತಿಗೆ ನೇರವಾಗಿ ಗಂಟು ಹಾಕದೆ, ಟ್ರೇಲರಿನ ದೀಪಗಳಿಗೆ ಬೇರೆ ರಿಲೇ ಪೆಟ್ಟಿಗೆಯ ಮೂಲಕ ವಿದ್ಯುತ್ತು ಕೊಡಬೇಕು.

ನಮ್ಮ ವಾಚಕರ ಸಂಗತಿಗೆ ಬರೋಣ. ಅವರಿಗೆ ನಾವು ಹೇಳಿದ್ದು ಇಷ್ಟೇ: ಗಾಡಿಯನ್ನು ತೂಗಿ ನೋಡಿ, ಕೈಪಿಡಿ ಓದಿ, ಆಮೇಲೆ ಸೇಠರ ಬಳಿಗೆ ಹೋಗಿ. ಅವರು ಭಂಗಾರದ ಅಂಗಡಿಯ ಕಾಟಾದ ಮೇಲೆ ಒಂದೊಂದನ್ನೇ ತೂಗಿಸಿ ಬರೆದುಕೊಂಡು ಬಂದರು. ಕಬ್ಬಿಣದ ಗಾಡಿ ೧೮೦, ಕಟ್ಟೆ ಮತ್ತು ಕಾವಲಿ ೬೦, ತುಂಬಿದ ಎರಡು ಗ್ಯಾಸ್ ಸಿಲಿಂಡರು ೭೦, ಹಿಟ್ಟು-ಪಾತ್ರೆ ೬೦, ನೂರು ಲೀಟರು ನೀರು ೧೦೦. ಒಟ್ಟು ೪೭೦ ಕಿಲೋ. ಖಾಲಿ ಕಾರು ೭೪೦, ಅರ್ಧ ೩೭೦. ಅದರ ಮೇಲೆ ಆ ನೀರು ಡ್ರಮ್ಮಿನಲ್ಲಿ ಕುಲುಕಾಡುವಂಥದು, ಅದೂ ಗಾಡಿಯ ಹಿಂದಿನ ಮೂಲೆಯಲ್ಲಿ! ಕೈಪಿಡಿ ತೆಗೆದರೆ, ಈ ಕಾರು ಎಳೆಯಲು ಯೋಗ್ಯವಲ್ಲ ಎಂದು ಬರೆದಿತ್ತು. ನಮ್ಮ ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮು, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವ ಹಾಗೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆಂಬುದನ್ನೂ ಚೀಟಿಯಲ್ಲಿ ಬರೆದುಕೊಟ್ಟೆವು.

ಸೇಠರು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರಂತೆ. ಗಿರಾಕಿ ಮಾತ್ರ ಚೀಟಿಯನ್ನು ಎರಡು ಸಲ ಓದಿಸಿಕೊಂಡರು. ಗಾಡಿಯನ್ನು ಮಾರುವ ಜಾಗದ ಹತ್ತಿರವೇ ಒಬ್ಬರ ಅಂಗಳದಲ್ಲಿ ಬಾಡಿಗೆಗೆ ಇಟ್ಟು, ಹಿಟ್ಟು-ಪಾತ್ರೆಗಳನ್ನಷ್ಟೇ ಈಗ ಕಾರಿನಲ್ಲಿ ಒಯ್ಯುತ್ತಾರೆ.

ಏಳು ಕಡ್ಡಿಯ ಒಂದು ಸಾಕೆಟ್ಟನ್ನೂ ಆರು ಬಲ್ಬುಗಳನ್ನೂ ಹಲಗೆಯ ಮೇಲೆ ಕೂಡಿಸಿ, ೧೨ ವೋಲ್ಟಿನ ಬ್ಯಾಟರಿಯೊಂದಿಗೆ ವಾಚನಾಲಯದಲ್ಲಿ ಇಟ್ಟಿದ್ದೇವೆ. ರವಿವಾರ ಸಂಜೆ ಬಂದವರು ಬಿಳಿಯ ತಂತಿಯನ್ನು ಬಿಚ್ಚಿ ಏನಾಗುತ್ತದೆಂದು ತಾವೇ ನೋಡಬಹುದು. ನೋಡಿದವರು ಬ್ಯಾಟರಿಯ ತಂತಿ ಕಳಚಿಟ್ಟು ಹೋಗಬೇಕಾಗಿ ವಿನಂತಿ.