ಸಿಡಿಆರ್ ತೆಗೆಸಿ ಕೊಡ್ತೀವಿ ಅನ್ನೋರನ್ನು ನಂಬುವ ಮೊದಲು

"ನಂಬರ್ ಒಂದ್ ಕೊಡ್ರಿ ಸರ, ಆರ್ ತಿಂಗಳ ಸಿಡಿಆರ್ ತಗದ್ ಕೊಡ್ತೀವ್ರಿ." ಸಂಸಾರದಲ್ಲಿ ಸಂಶಯ ಹೊಕ್ಕವರಿಗೆ, ಮಗಳಿಗೆ ಗೊತ್ತು ಮಾಡಿದ ವರನ ನಡತೆ ವಿಚಾರಿಸಹೊರಟ ತಂದೆಗೆ, ಪಾಲುದಾರ ಕೈಕೊಡುತ್ತಾನೆಂದು ಹೆದರಿದ ವ್ಯಾಪಾರಿಗೆ ಇಂಥ ಮಾತು ದೊಡ್ಡ ಆಸರೆಯಾಗಿ ಕೇಳಿಸುತ್ತದೆ. ಆದರೆ ಈ ಭರವಸೆಗೆ ದುಡ್ಡು ಕೊಟ್ಟವರು ಕೊಳ್ಳುವುದು ಕದ್ದ ಮಾಲು. ಕದ್ದವನ ಜೊತೆ ಕೊಂಡವರ ಹೆಸರೂ ಎಫ್‌ಐಆರ್‌ನಲ್ಲಿ ಬರಬಹುದು. ಹುಬ್ಬಳ್ಳಿ-ಧಾರವಾಡದ ಓದುಗರಿಗೆ ಮೊದಲು ಮುಟ್ಟಬೇಕಾದ ಸಂಗತಿ ಇದೇ.

ಸಿಡಿಆರ್ ಅಂದರೆ ಕರೆಗಳ ವಿವರದ ದಾಖಲೆ. ಮಾತುಕತೆ ಅದರಲ್ಲಿ ಇರುವುದಿಲ್ಲ. ಯಾವ ನಂಬರಿನಿಂದ ಯಾವ ನಂಬರಿಗೆ, ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡ್, ಯಾವ ಹ್ಯಾಂಡ್‌ಸೆಟ್‌ನಿಂದ, ಕರೆ ಶುರುವಾದಾಗ ಯಾವ ಟವರ್, ಮುಗಿದಾಗ ಯಾವ ಟವರ್ ಎಂಬ ಸಾಲುಗಳಷ್ಟೇ ಇರುತ್ತವೆ. ಟವರ್ ಒಂದು ವ್ಯಾಪ್ತಿಯನ್ನು ತೋರಿಸುತ್ತದೆ, ಮನೆಯ ಬಾಗಿಲನ್ನಲ್ಲ. ಸಿಬಿಟಿ ಬಸ್ ನಿಲ್ದಾಣದ ಹತ್ತಿರದ ಟವರಿನಡಿ ಒಂದೇ ಗಳಿಗೆಯಲ್ಲಿ ಬಸ್ಸಿಗೆ ಕಾಯುವವರು, ಅಂಗಡಿಯವರು, ಲಾಡ್ಜಿನಲ್ಲಿ ಇಳಿದವರು ಎಲ್ಲರೂ ಇರುತ್ತಾರೆ. ಅಂಥ ಹಾಳೆ ಹಿಡಿದು "ನೋಡ್ರಿ, ಇಬ್ಬರೂ ಒಂದೇ ಕಡೆ ಇದ್ರು" ಎನ್ನುವುದು ಸಂಸಾರ ಮುರಿಯಲು ಸಾಕಾದೀತು, ಸಾಕ್ಷ್ಯವಾಗಲು ಸಾಲದು. ಅದೇ ಹಾಳೆಯಲ್ಲಿ ಆ ವ್ಯಕ್ತಿಯ ತಾಯಿ, ಡಾಕ್ಟರು, ವಕೀಲರು, ಗೆಳತಿಯರು ಹೀಗೆ ಸಂಬಂಧವೇ ಇಲ್ಲದ ಹತ್ತಾರು ಜನರ ನಂಬರ್‌ಗಳೂ ಬಯಲಾಗುತ್ತವೆ.

ಇಂಥ ಭರವಸೆ ಕೊಡುವ ಖಾಸಗಿ ಪತ್ತೇದಾರರಿಗೆ ಸಿಡಿಆರ್ ಪಡೆಯುವ ಅಧಿಕಾರ ಎಲ್ಲಿಂದಲೂ ಬಂದಿಲ್ಲ. ಅವರ ವೃತ್ತಿಗೇ ಪ್ರತ್ಯೇಕ ಕಾನೂನಿಲ್ಲ. 2007ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಖಾಸಗಿ ಪತ್ತೇದಾರಿ ಸಂಸ್ಥೆಗಳ ನಿಯಂತ್ರಣ ಮಸೂದೆ ಕಾಯ್ದೆಯಾಗಲೇ ಇಲ್ಲ. ಸೆಕ್ಯುರಿಟಿ ಏಜೆನ್ಸಿಗಳಿಗೆ 2005ರ ಕಾಯ್ದೆಯಡಿ ಸಿಗುವ ಲೈಸೆನ್ಸ್ ಕಾವಲುಗಾರರನ್ನು ಒದಗಿಸಲು ಮಾತ್ರ. ಗೋಡೆಗೆ ತೂಗುಹಾಕಿದ ಆ ಪ್ರಮಾಣಪತ್ರ ನೋಡಿ ಸರ್ಕಾರದ ಅನುಮತಿ ಇದೆ ಅಂದುಕೊಳ್ಳಬೇಡಿ.

ಹಾಗಾದರೆ ಸಿಡಿಆರ್ ಅವರ ಕೈಗೆ ಬರುವುದು ಹೇಗೆ? 2013ರಲ್ಲಿ ಬಿಜೆಪಿ ನಾಯಕ ಅರುಣ್ ಜೇಟ್ಲಿಯವರ ಫೋನ್ ವಿವರ ಕೇಳಿದ ಪ್ರಕರಣ ಇದನ್ನು ದೇಶಕ್ಕೇ ತೋರಿಸಿತು. ದೆಹಲಿಯ ಕಾನ್‌ಸ್ಟೆಬಲ್ ಒಬ್ಬ ಹಿರಿಯ ಅಧಿಕಾರಿಯ ಅಧಿಕೃತ ಇ-ಮೇಲ್ ಬಳಸಿ ಕಂಪನಿಗೆ ಕೋರಿಕೆ ಕಳಿಸಿದ್ದನೆಂಬುದು ಆರೋಪ. ಖಾಸಗಿ ಪತ್ತೇದಾರರೂ ಬಂಧಿತರಾದರು. ಬೆಂಗಳೂರಿನಲ್ಲಿಯೂ ಇತ್ತೀಚಿನ ವರ್ಷಗಳಲ್ಲಿ ಸಿಸಿಬಿ ಪೊಲೀಸರು ಸಿಡಿಆರ್ ಮಾರಾಟದ ಆರೋಪದ ಮೇಲೆ ಪತ್ತೇದಾರಿ ಸಂಸ್ಥೆಯವರನ್ನು ಬಂಧಿಸಿದ್ದಾರೆ. ದಾಖಲೆ ಇರುವುದು ಟೆಲಿಕಾಂ ಕಂಪನಿಯಲ್ಲಿ. ಹೊರಗೆ ಬರಬೇಕಾದರೆ ಒಳಗಿನ ಯಾರೋ ಕರ್ತವ್ಯಕ್ಕೆ ದ್ರೋಹ ಬಗೆದಿರಬೇಕು, ಇಲ್ಲವೇ ಯಾರೋ ಸುಳ್ಳು ಹೇಳಿರಬೇಕು. ಮೂರನೆಯ ದಾರಿ ಇಲ್ಲ.

ಈಗ ಶಿಕ್ಷೆಯ ಮಾತು. 2023ರ ದೂರಸಂಪರ್ಕ ಕಾಯ್ದೆಯ 42(2)ನೇ ಕಲಂ 2024ರ ಜೂನ್ 26ರಿಂದ ಜಾರಿಯಲ್ಲಿದೆ. ಟೆಲಿಕಾಂ ಕಂಪನಿಯ ದತ್ತಾಂಶವನ್ನು ಅನುಮತಿಯಿಲ್ಲದೆ ಪಡೆದರೆ, ಪಡೆಯಲು ಯತ್ನಿಸಿದರೆ ಅಥವಾ ವರ್ಗಾಯಿಸಿದರೆ ಮೂರು ವರ್ಷದವರೆಗೆ ಜೈಲು, ಎರಡು ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ ದತ್ತಾಂಶದಲ್ಲಿ ಕರೆ ದಾಖಲೆ, ಚಂದಾದಾರರ ವಿವರ ಸೇರಿವೆ ಎಂದು ಕಲಮಿನ ವಿವರಣೆಯೇ ಸ್ಪಷ್ಟವಾಗಿ ಹೇಳುತ್ತದೆ. ಕದ್ದಾಲಿಕೆಗೂ ಇದೇ ಶಿಕ್ಷೆ. ಇನ್ನೊಬ್ಬರ ಫೋನಿನಲ್ಲಿ ಗುಟ್ಟಾಗಿ ಬೇಹುಗಾರಿಕೆ ಆ್ಯಪ್ ಹಾಕಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಂ ಅನ್ವಯಿಸುತ್ತದೆ, ಪಾಸ್‌ವರ್ಡ್ ಕದ್ದು ಬಳಸಿದರೆ 66ಸಿ. ಮಹಿಳೆಯ ಇಂಟರ್ನೆಟ್, ಇ-ಮೇಲ್ ಬಳಕೆಯ ಮೇಲೆ ಗಂಡಸೊಬ್ಬ ಕಣ್ಣಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅದು ಹಿಂಬಾಲಿಸಿ ಪೀಡಿಸುವ ಅಪರಾಧ. "ನಾನು ದುಡ್ಡು ಕೊಟ್ಟೆ ಅಷ್ಟೇ, ಮಾಡಿದವನು ಅವನು" ಎಂಬ ವಾದ ನಿಲ್ಲುವುದು ಕಷ್ಟ. ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರನ್ನೂ ಕಾನೂನು ಬಿಡುವುದಿಲ್ಲ.

ಪೊಲೀಸರಿಗೂ ಇಲ್ಲಿ ಲಗಾಮಿದೆ. ತನಿಖೆ ನಡೆಯುತ್ತಿರುವ ಪ್ರಕರಣದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ದಾಖಲೆ ಕೇಳಬಹುದು. ಕರೆಯನ್ನೇ ಆಲಿಸಬೇಕಾದರೆ ಸಾಮಾನ್ಯವಾಗಿ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಫೋನ್ ಕದ್ದಾಲಿಕೆ ಸರ್ಕಾರವನ್ನೇ ಅಲುಗಾಡಿಸಬಲ್ಲದೆಂದು ಕರ್ನಾಟಕಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆ ಇದೇ ಆರೋಪದಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಸಾರಿದ ತೀರ್ಪಿಗೆ ಕಾರಣರಾದ ಅರ್ಜಿದಾರರೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಗಂಡ-ಹೆಂಡಿರ ನಡುವೆ ಈ ಹಕ್ಕು ಉಳಿಯುತ್ತದೆಯೇ? ಇದಕ್ಕೆ ಉತ್ತರ ಬಂದದ್ದು ನಮ್ಮ ಧಾರವಾಡ ಪೀಠದಿಂದಲೇ. ವಿಷಯ ಆಧಾರ್ ಆದರೂ ಪ್ರಶ್ನೆ ಇದೇ. ಹೆಂಡತಿಗೂ ಮಗಳಿಗೂ ಜೀವನಾಂಶ ಕೊಡಬೇಕೆಂದು ಕೌಟುಂಬಿಕ ನ್ಯಾಯಾಲಯ ಆದೇಶಿಸಿತ್ತು. ಗಂಡ ಎಲ್ಲಿದ್ದಾನೆಂದೇ ಗೊತ್ತಿಲ್ಲ. ಆದೇಶದ ಕಾಗದ ಕೈಯಲ್ಲಿದ್ದೂ ಬಿಡಿಗಾಸು ಬಾರದ ಆ ಮಹಿಳೆ ಅವನ ಆಧಾರ್ ವಿಳಾಸ ಕೊಡಿ ಎಂದು ಆಧಾರ್ ಪ್ರಾಧಿಕಾರವನ್ನು ಕೇಳಿದರು. 2021ರ ಫೆಬ್ರುವರಿಯಲ್ಲಿ ನಿರಾಕರಣೆ. ಹೈಕೋರ್ಟಿನ ಏಕಸದಸ್ಯ ಪೀಠ, ಗಂಡನಿಗೆ ನೋಟಿಸ್ ಕೊಟ್ಟು ಅರ್ಜಿಯನ್ನು ಮರುಪರಿಶೀಲಿಸಿ ಎಂದಿತು. ಪ್ರಾಧಿಕಾರ ಮೇಲ್ಮನವಿ ಹೋಯಿತು. 2023ರ ನವೆಂಬರಿನಲ್ಲಿ ನ್ಯಾಯಮೂರ್ತಿಗಳಾದ ಎಸ್. ಸುನಿಲ್ ದತ್ ಯಾದವ್ ಮತ್ತು ವಿಜಯಕುಮಾರ್ ಎ. ಪಾಟೀಲ್ ಅವರ ಪೀಠ, ಮದುವೆಯಾದ ಮಾತ್ರಕ್ಕೆ ಒಬ್ಬರ ಖಾಸಗಿತನದ ಹಕ್ಕು ಮರೆಯಾಗುವುದಿಲ್ಲ ಎಂದಿತು. ಗಂಡನನ್ನೂ ಕಕ್ಷಿದಾರನನ್ನಾಗಿ ಮಾಡಿ ಹೈಕೋರ್ಟ್ ನ್ಯಾಯಮೂರ್ತಿಯೇ ತೀರ್ಮಾನಿಸಲಿ ಎಂದು ಪ್ರಕರಣವನ್ನು ಹಿಂದಿರುಗಿಸಿತು.

ಆ ತಾಯಿಯ ಸಂಕಟ ನೆನೆದರೆ ಇದು ಕಠಿಣವೆನಿಸುತ್ತದೆ. ನ್ಯಾಯ ಅವಳ ಕಡೆಗಿದ್ದೂ ವರ್ಷಗಟ್ಟಲೆ ಅಲೆದಾಟ. ಕಾನೂನಿನ ದಾರಿ ಇಷ್ಟು ಉದ್ದವಿರುವುದರಿಂದಲೇ ಸಿಡಿಆರ್ ಮಾರುವವರಿಗೆ ಗಿರಾಕಿ ಸಿಗುವುದೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ, ನ್ಯಾಯಾಲಯಗಳು ಇಂಥ ಅರ್ಜಿಗಳನ್ನು ಬೇಗ ಮುಗಿಸಲೇಬೇಕು. ಆದರೂ ತೀರ್ಪಿನ ತತ್ವ ಸರಿ. ಇಂದು ನೊಂದ ಹೆಂಡತಿಗೆ ತೆರೆಯುವ ಬಾಗಿಲಲ್ಲೇ ನಾಳೆ ಓಡಿಹೋದ ಹೆಂಡತಿಯನ್ನು ಹೊಡೆಯಲು ಹುಡುಕುವ ಗಂಡನೂ ನುಗ್ಗುತ್ತಾನೆ.

ಮೂರನೆಯವರ ಫೋನಿನ ಬಗ್ಗೆಯೂ ತೀರ್ಪಿದೆ. ಹೆಂಡತಿಗೆ ಪರಸಂಬಂಧವಿದೆ ಎಂದು ತೋರಿಸಲು ಇನ್ನೊಬ್ಬ ವ್ಯಕ್ತಿಯ ಟವರ್ ವಿವರ ತರಿಸಲು ಕೌಟುಂಬಿಕ ನ್ಯಾಯಾಲಯ ಒಪ್ಪಿದ್ದನ್ನು 2022ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ರದ್ದುಪಡಿಸಿದರು. ಮತ್ತೊಂದೆಡೆ, ದಂಪತಿಗಳ ನಡುವಿನ ಮಾತನ್ನು ಒಬ್ಬರು ಗುಟ್ಟಾಗಿ ರೆಕಾರ್ಡ್ ಮಾಡಿದ್ದರೂ ವಿಚ್ಛೇದನದ ದಾವೆಯಲ್ಲಿ ಅದನ್ನು ಸಾಕ್ಷ್ಯವಾಗಿ ನೋಡಬಹುದೆಂದು ಸುಪ್ರೀಂ ಕೋರ್ಟ್ 2025ರ ಜುಲೈ 14ರಂದು ಹೇಳಿತು. ಅದು ತಾವೇ ಪಾಲ್ಗೊಂಡ ಮಾತಿನ ವಿಚಾರ. ಪತ್ತೇದಾರನಿಗೆ ಅದರಿಂದ ಯಾವ ಪರವಾನಗಿಯೂ ಸಿಕ್ಕಿಲ್ಲ.

ಕದ್ದ ಸಿಡಿಆರ್ ಕೋರ್ಟಿನಲ್ಲಿ ಎಡವುವ ಜಾಗ ಇನ್ನೊಂದಿದೆ. ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇರಬೇಕು. ಅದನ್ನು ಕೊಡಬೇಕಾದವರು ಕಂಪನಿಯ ಜವಾಬ್ದಾರ ಅಧಿಕಾರಿ. ಹಿಂಬಾಗಿಲಿನಿಂದ ಬಂದ ಹಾಳೆಗೆ ಅವರೇಕೆ ಸಹಿ ಹಾಕುತ್ತಾರೆ?

ದಾಖಲೆ ನಿಜಕ್ಕೂ ಬೇಕಿದ್ದರೆ ವಕೀಲರ ಮೂಲಕ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಕಂಪನಿಗೆ ಸಮನ್ಸ್ ಕೇಳಿ. ನಂಬರ್, ದಿನಾಂಕ, ಕಾರಣ ಸ್ಪಷ್ಟವಿರಲಿ. ಎರಡು ವರ್ಷದ ದಾಖಲೆಯನ್ನು ಕಂಪನಿಗಳು ಇಟ್ಟುಕೊಳ್ಳಬೇಕೆಂಬ ನಿಯಮವಿದೆ, ತಡಮಾಡಿದರೆ ಅಳಿಸಿ ಹೋಗಬಹುದು. ನಿಮ್ಮದೇ ನಂಬರಿನ ವಿವರವಾದರೆ ಕಂಪನಿಯನ್ನೇ ಕೇಳಿ. ಪ್ರೀಪೇಯ್ಡ್ ಗ್ರಾಹಕರಿಗೂ ಹಿಂದಿನ ಆರು ತಿಂಗಳೊಳಗಿನ ಬಳಕೆ ವಿವರ ಪಡೆಯುವ ಹಕ್ಕಿದೆ. ವರನ ಮೇಲೆ ಕೇಸಿದೆಯೇ ಎಂದು ಇ-ಕೋರ್ಟ್ಸ್‌ನಲ್ಲಿ, ಹೊಲ ಅವನ ಹೆಸರಿನಲ್ಲಿದೆಯೇ ಎಂದು ಪಹಣಿಯಲ್ಲಿ ನೋಡಬಹುದು. ಸಾರ್ವಜನಿಕ ದಾಖಲೆ ತಿರುವಿ ಹಾಕುವುದು, ನೆರೆಹೊರೆಯಲ್ಲಿ ವಿಚಾರಿಸುವುದು ಪತ್ತೇದಾರರೂ ಕಾನೂನುಬದ್ಧವಾಗಿ ಮಾಡಬಹುದಾದ ಕೆಲಸ.

ನಿಮ್ಮ ಫೋನಿನ ಮೇಲೇ ಯಾರೋ ಕಣ್ಣಿಟ್ಟಿದ್ದಾರೆ ಎನಿಸಿದರೆ ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ನೋಡಿ. *#21# ಒತ್ತಿ ಕರೆಗಳು ಬೇರೆ ನಂಬರಿಗೆ ತಿರುಗಿವೆಯೇ ತಿಳಿಯಿರಿ. ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದು ಗೊತ್ತಾಗುತ್ತದೆ. ಬೆದರಿಕೆಯ ಮೆಸೇಜ್, ಯಾರೋ ಕಳಿಸಿದ ಸಿಡಿಆರ್ ಚಿತ್ರ ಏನಿದ್ದರೂ ಅಳಿಸಬೇಡಿ. ದೂರನ್ನು ಅವಳಿನಗರದ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಗೆ ಕೊಡಿ. ಅಪರಾಧ ನಡೆದದ್ದು ಬೇರೆ ಊರಲ್ಲಾದರೂ ಯಾವುದೇ ಠಾಣೆ ಝೀರೋ ಎಫ್‌ಐಆರ್ ದಾಖಲಿಸಬೇಕು. ನಿರಾಕರಿಸಿದರೆ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಕಲಮಿನಡಿ ಮೇಲಧಿಕಾರಿಗೆ, ಅಂದರೆ ಪೊಲೀಸ್ ಆಯುಕ್ತರಿಗೆ ಅಂಚೆಯಲ್ಲಿ ದೂರು ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆಮೇಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ವಕೀಲರಿಗೆ ಕೊಡಲು ಹಣವಿಲ್ಲದವರು 15100ಕ್ಕೆ ಕರೆ ಮಾಡಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಕೇಳಬಹುದು. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು ಮತ್ತು ಅಂಗವಿಕಲರಿಗೆ ಆದಾಯದ ಮಿತಿ ಕೇಳದೆಯೇ ಉಚಿತವಾಗಿ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆಯ 12ನೇ ಕಲಂ ಹೇಳುತ್ತದೆ.