ಮನೆಗೊಂದು ಉಚಿತ ದೂರದರ್ಶನ ಆಂಟೆನಾ: ಆಯ್ಕೆ ಮತ್ತು ಜೋಡಣೆ

ಹವಾಮಾನದ ಮುನ್ಸೂಚನೆ, ಮಾರುಕಟ್ಟೆಯ ಧಾರಣೆ, ಬೆಳೆರೋಗಗಳ ಎಚ್ಚರಿಕೆ ಇವೆಲ್ಲ ಸಕಾಲಕ್ಕೆ ರೈತನ ಮನೆ ತಲುಪಬೇಕಾದರೆ ದೂರದರ್ಶನ ಒಳ್ಳೆಯ ಸಾಧನ. ಆದರೆ ಪ್ರತಿ ತಿಂಗಳೂ ಚಂದಾ ಕಟ್ಟುವುದು ಸಣ್ಣ ಹಿಡುವಳಿದಾರರಿಗೆ ಹೊರೆ. ಚಂದಾ ಇಲ್ಲದೆ ನೋಡಲು ಯಾವ ಆಂಟೆನಾ ಕೊಳ್ಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಮಂಡ್ಯ ತಾಲ್ಲೂಕಿನ ಬಸರಾಳು ಭಾಗದ ರೈತರು ಆಗಾಗ್ಗೆ ಕೇಳುತ್ತಾರೆ. ಇದು ಬೇಸಾಯಶಾಸ್ತ್ರದ ವಿಷಯವಲ್ಲ, ನಿಜ. ಆದರೂ ಬಿಸಿಲು, ನೆರಳು, ದಿಕ್ಕು, ಮಟ್ಟ ಇವುಗಳ ಲೆಕ್ಕ ಬಲ್ಲ ಯಾವ ರೈತನಾದರೂ ಇದನ್ನು ಸುಲಭವಾಗಿ ಕಲಿಯಬಹುದು.

ಹಿನ್ನೆಲೆ

ನಮ್ಮ ದೇಶದ ದೂರದರ್ಶನದಲ್ಲಿ ರೈತರಿಗೆ ಮೊದಲಿನಿಂದಲೂ ಸ್ಥಾನವಿದೆ. ದೆಹಲಿಯ ಸುತ್ತಲಿನ 80 ಹಳ್ಳಿಗಳಿಗಾಗಿ 'ಕೃಷಿ ದರ್ಶನ' ಕಾರ್ಯಕ್ರಮ ಆರಂಭವಾದುದು 1967ರ ಜನವರಿ 26ರಂದು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಆರು ರಾಜ್ಯಗಳ 2400 ಹಳ್ಳಿಗಳು ಸೇರಿದ್ದವು. ಕರ್ನಾಟಕದಿಂದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿದ್ದವು. ಆಗ ಶಾಲೆ, ಪಂಚಾಯಿತಿ ಕಟ್ಟಡಗಳ ಬಳಿ ಕೋಳಿಗೂಡಿನ ತಂತಿಬಲೆಯಂಥ ಬಲೆಯಿಂದ ಮಾಡಿದ 10 ಅಡಿ ಅಗಲದ ಆಂಟೆನಾ ನಿಲ್ಲಿಸಿ, ಊರಿನವರೆಲ್ಲ ಕೂಡಿ ನೋಡುತ್ತಿದ್ದರು.

ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ನಮ್ಮ ಹಳ್ಳಿಗಳ ಹೆಂಚಿನ ಮಾಡುಗಳ ಮೇಲೆ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾಗಳು ಒಂದೊಂದಾಗಿ ಎದ್ದವು. ಅವು ನೆಲದ ಮೇಲಿನ ಗೋಪುರದಿಂದ ಬರುವ ಅಲೆಗಳನ್ನು ಹಿಡಿಯುತ್ತಿದ್ದವು. ಆ ಅಲೆಗಳಿಗೆ ಗುಡ್ಡ, ಮರ, ಭೂಮಿಯ ಉಬ್ಬು ಎಲ್ಲವೂ ಅಡ್ಡಿ. ಆದ್ದರಿಂದ ಕಂಬ ಎತ್ತರವಾದಷ್ಟೂ ಚಿತ್ರ ಚೆನ್ನಾಗಿ ಮೂಡುತ್ತಿತ್ತು.

ಈಗ ಆ ಕಾಲ ಮುಗಿದಿದೆ. ಹಳೆಯ ಮಾದರಿಯ ಭೂಪ್ರಸಾರ ಕೇಂದ್ರಗಳಲ್ಲಿ ಬಹುಪಾಲು 2022ರ ಮಾರ್ಚ್ ಹೊತ್ತಿಗೆ ಮುಚ್ಚಲ್ಪಟ್ಟವು. ಕೆಲವು ಆಯಕಟ್ಟಿನ ಸ್ಥಳಗಳಲ್ಲಿ ಮಾತ್ರ ಉಳಿಸಿಕೊಳ್ಳಲಾಯಿತು. ಆದ್ದರಿಂದ ಕಡ್ಡಿ ಆಂಟೆನಾಕ್ಕೆ ಹೊಸದಾಗಿ ಹಣ ಹಾಕುವುದು ವ್ಯರ್ಥ. ನಮ್ಮ ಹಳ್ಳಿಗಳಿಗೆ ಚಂದಾರಹಿತವಾಗಿ ಉಳಿದಿರುವ ದಾರಿ ಪ್ರಸಾರ ಭಾರತಿಯ 'ಡಿಡಿ ಫ್ರೀ ಡಿಶ್'. 2004ರ ಡಿಸೆಂಬರ್‌ನಲ್ಲಿ 'ಡಿಡಿ ಡೈರೆಕ್ಟ್ ಪ್ಲಸ್' ಎಂಬ ಹೆಸರಿನಿಂದ ಆರಂಭವಾದ ಸೇವೆ ಇದು. ತಟ್ಟೆ ಆಂಟೆನಾ ಮತ್ತು ಸೆಟ್‌ಟಾಪ್ ಪೆಟ್ಟಿಗೆಗೆ ಒಮ್ಮೆ ಖರ್ಚು ಮಾಡಿದರೆ ಸಾಕು, ಮಾಸಿಕ ಚಂದಾ ಇಲ್ಲ. ಡಿಡಿ ಚಂದನ, 2015ರ ಮೇ 26ರಂದು ಆರಂಭವಾದ ಡಿಡಿ ಕಿಸಾನ್ ಹಾಗೂ ಆಕಾಶವಾಣಿಯ ಹಲವು ವಾಹಿನಿಗಳು ಇದರಲ್ಲಿ ದೊರೆಯುತ್ತವೆ.

ಎತ್ತರ ಬೇಡ, ತೆರವು ಬೇಕು

ಬಸರಾಳಿನ ಬಳಿ ಒಬ್ಬ ರೈತರ ಮನೆಯಲ್ಲಿ ಕಂಡ ಸಂಗತಿಯನ್ನು ಇಲ್ಲಿ ಹೇಳಬೇಕು. ಹಳೆಯ ಆಂಟೆನಾದ 20 ಅಡಿ ಕೊಳವೆ ಮಾಡಿನ ಮೇಲೆ ಹಾಗೇ ಇತ್ತು. ಅದರ ತುದಿಗೇ ಹೊಸ ತಟ್ಟೆಯನ್ನು ಕಟ್ಟಿದ್ದರು. "ಎತ್ತರದಲ್ಲಿದ್ದರೆ ಚೆನ್ನಾಗಿ ಹಿಡಿಯುತ್ತದಲ್ಲವೇ ಸ್ವಾಮಿ?" ಎಂದು ಕೇಳಿದರು. ಗಾಳಿ ಬಂದಾಗಲೆಲ್ಲ ಕೊಳವೆ ತೂಗಿ ಚಿತ್ರ ಒಡೆಯುತ್ತಿತ್ತು. ಪ್ರತಿ ಸಲವೂ ಅವರ ಮಗ ಹೆಂಚಿನ ಮೇಲೆ ಹತ್ತಿ ತಟ್ಟೆಯನ್ನು ತಿರುಗಿಸಬೇಕಾಗಿತ್ತು. ಕೊಳವೆಯಿಂದ ಏಳೆಂಟು ಅಡಿ ದೂರದಲ್ಲೇ ಮನೆಗೆ ಬರುವ ವಿದ್ಯುತ್ ತಂತಿ ಹಾದುಹೋಗಿತ್ತು. ಕೊಳವೆ ಆ ಕಡೆಗೆ ವಾಲಿದ್ದರೆ ಹಿಡಿದಿದ್ದವನ ಪ್ರಾಣಕ್ಕೇ ಅಪಾಯ.

ಉಪಗ್ರಹ ಇರುವುದು ಭೂಮಧ್ಯರೇಖೆಯ ಮೇಲೆ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಅಷ್ಟು ದೂರದ ಲೆಕ್ಕದಲ್ಲಿ 20 ಅಡಿ ಎತ್ತರ ಏನೇನೂ ಅಲ್ಲ. ತಟ್ಟೆಗೆ ಬೇಕಾದುದು ಒಂದೇ ಒಂದು ದಿಕ್ಕಿನಲ್ಲಿ ಅಡ್ಡಿಯಿಲ್ಲದ ಆಕಾಶ. ಅದು ಅಂಗಳದಲ್ಲೇ ದೊರೆತರೆ ಅಂಗಳವೇ ಉತ್ತಮ ಸ್ಥಳ. ನೆಲದಲ್ಲಿ ಮೂರು ನಾಲ್ಕು ಅಡಿ ಎತ್ತರದ ಗಟ್ಟಿ ಕಂಬ ನೆಟ್ಟು, ದನಕರು ತಾಗದಂತೆ ಸುತ್ತ ಬೇಲಿ ಹಾಕಿದರೆ ಮಾಡು ಹತ್ತುವ ಕಷ್ಟವೂ ಇಲ್ಲ, ಬೀಳುವ ಭಯವೂ ಇಲ್ಲ. ಆ ರೈತರು ಕೊಳವೆ ಇಳಿಸಿ ತಟ್ಟೆಯನ್ನು ಅಂಗಳಕ್ಕೆ ತಂದರು. ಚಿತ್ರ ಮೊದಲಿಗಿಂತ ಸ್ಥಿರವಾಗಿ ಬರತೊಡಗಿತು.

ತಟ್ಟೆಯ ಅಳತೆ

ಎಲೆ ಅಗಲವಾದಷ್ಟೂ ಹೆಚ್ಚು ಬಿಸಿಲು ಹಿಡಿಯುವಂತೆ, ತಟ್ಟೆ ಅಗಲವಾದಷ್ಟೂ ಹೆಚ್ಚು ಸಂಕೇತ ಹಿಡಿಯುತ್ತದೆ. ಲೆಕ್ಕ ವಿಸ್ತೀರ್ಣದ್ದು, ಅಗಲದ್ದಲ್ಲ.

60 ಸೆಂ.ಮೀ. ತಟ್ಟೆ: ಸಾಮಾನ್ಯ ದಿನಗಳಲ್ಲಿ ಒಂದು ಮನೆಗೆ ಸಾಕು.
75 ಸೆಂ.ಮೀ. ತಟ್ಟೆ: 60ರದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು ವಿಸ್ತೀರ್ಣ.
90 ಸೆಂ.ಮೀ. ತಟ್ಟೆ: ಎರಡೂಕಾಲು ಪಟ್ಟು ವಿಸ್ತೀರ್ಣ. ಗಾಳಿಯ ಒತ್ತಡವೂ ಅಷ್ಟೇ ಹೆಚ್ಚು.

ಈ ಪ್ರಸಾರದ ಅಲೆಗಳ ಉದ್ದ ಮೂರು ಸೆಂ.ಮೀ.ಗಿಂತಲೂ ಕಡಿಮೆ. ಜೋರು ಮಳೆಯ ಹನಿಗಳು ಇವನ್ನು ಹೀರಿ ಚದುರಿಸುತ್ತವೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಸಂಜೆ ಮಳೆಯಲ್ಲಿ ಚಿತ್ರ ನಿಂತುಹೋಗುವುದು ಇದರಿಂದಲೇ. ಮಳೆಯ ಸುದ್ದಿ ಅತಿ ಅಗತ್ಯವಾದ ಹೊತ್ತಿಗೇ ಚಿತ್ರ ಹೋಗಬಾರದು ಎನ್ನುವವರು 75 ಅಥವಾ 90 ಸೆಂ.ಮೀ. ತಟ್ಟೆ ಕೊಳ್ಳಬಹುದು. ಹಾಲಿನ ಡೇರಿ, ಯುವಕ ಸಂಘ ಮುಂತಾದ ಸಾರ್ವಜನಿಕ ಕಟ್ಟಡಗಳಿಗೆ 90 ಸೆಂ.ಮೀ. ಸೂಕ್ತ. ಎಷ್ಟೇ ದೊಡ್ಡ ತಟ್ಟೆಯಾದರೂ ಮುಸಲಧಾರೆ ಮಳೆಯಲ್ಲಿ ಸ್ವಲ್ಪ ಹೊತ್ತು ಚಿತ್ರ ನಿಲ್ಲಬಹುದು, ಅದನ್ನು ದೋಷವೆಂದು ಭಾವಿಸಬೇಕಿಲ್ಲ.

ದಿಕ್ಕು ಗೊತ್ತುಮಾಡುವ ವಿಧಾನ

ಫ್ರೀ ಡಿಶ್ ಪ್ರಸಾರ ಬರುವುದು 2015ರ ನವೆಂಬರ್‌ನಲ್ಲಿ ಹಾರಿಸಿದ ಜಿಸ್ಯಾಟ್-15 ಉಪಗ್ರಹದಿಂದ. ಅದರ ಸ್ಥಾನ ಪೂರ್ವ ರೇಖಾಂಶ 93.5 ಡಿಗ್ರಿ. ಬಸರಾಳಿನಿಂದ ನೋಡಿದರೆ ಅದು ಉತ್ತರದಿಂದ ಬಲಕ್ಕೆ ಎಣಿಸಿ ಸುಮಾರು 126 ಡಿಗ್ರಿಯಲ್ಲಿ, ಎಂದರೆ ಆಗ್ನೇಯ ಮೂಲೆಗಿಂತ ತುಸು ಪೂರ್ವಕ್ಕೆ, ದಿಗಂತದಿಂದ ಸುಮಾರು 65 ಡಿಗ್ರಿ ಮೇಲೆ ಇರುತ್ತದೆ. ಮದ್ದೂರು, ಮಳವಳ್ಳಿಗಳಿಗೂ ಇದೇ ಲೆಕ್ಕ ಸಾಕು, ವ್ಯತ್ಯಾಸ ಅತ್ಯಲ್ಪ.

ದಿಕ್ಸೂಚಿ ಅಥವಾ ಮೊಬೈಲ್ ಫೋನಿನ ದಿಕ್ಸೂಚಿ ಇದ್ದವರು 126 ಡಿಗ್ರಿ ನೋಡಿಕೊಳ್ಳಬಹುದು. ಕಬ್ಬಿಣದ ಕಂಬ, ಟ್ರಾಕ್ಟರ್‌ಗಳ ಬಳಿ ಅದನ್ನು ನಂಬಬಾರದು. ಇಲ್ಲದವರು ಹೀಗೆ ಮಾಡಬಹುದು.

1. ಬಯಲಿನಲ್ಲಿ ನೇರವಾದ ಕೋಲೊಂದನ್ನು ನೆಡಿ. ಅದರ ಸುತ್ತ ಹಗ್ಗದಿಂದ ಒಂದು ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟುವ ಜಾಗ, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟುವ ಜಾಗ ಎರಡನ್ನೂ ಗುರುತಿಸಿ ಸೇರಿಸಿದರೆ ಪೂರ್ವ-ಪಶ್ಚಿಮ ರೇಖೆ ದೊರೆಯುತ್ತದೆ.

2. ತಟ್ಟೆ ನಿಲ್ಲಿಸುವ ಜಾಗದಿಂದ ಈ ರೇಖೆಗೆ ಸಮಾನಾಂತರವಾಗಿ ಪೂರ್ವಕ್ಕೆ 4 ಅಡಿ ಅಳೆಯಿರಿ. ಅಲ್ಲಿಂದ ಮೂಲೆಮಟ್ಟದಲ್ಲಿ ದಕ್ಷಿಣಕ್ಕೆ 3 ಅಡಿ ಅಳೆದು ಗೂಟ ಹೊಡೆಯಿರಿ.

3. ತಟ್ಟೆಯ ಜಾಗದಿಂದ ಗೂಟಕ್ಕೆ ಎಳೆದ ಹಗ್ಗವೇ ಉಪಗ್ರಹದ ದಿಕ್ಕು. ಈ ಹಗ್ಗದ ಉದ್ದ 5 ಅಡಿ ಬಂದರೆ ಮೂಲೆಮಟ್ಟ ಸರಿಯಾಗಿದೆಯೆಂದು ತಿಳಿಯಬೇಕು. ಮನೆಯ ಪಾಯ ಗುರುತು ಹಾಕುವಾಗ ಗಾರೆ ಕೆಲಸದವರು ಬಳಸುವ 3-4-5ರ ಲೆಕ್ಕವೇ ಇದು.

ಮರದ ನೆರಳಿನ ಲೆಕ್ಕ

ಈ ದಿಕ್ಕಿನಲ್ಲಿ ಪ್ರತಿ 1 ಅಡಿ ದೂರಕ್ಕೆ ತಟ್ಟೆಯ ಮಟ್ಟದಿಂದ 2.2 ಅಡಿ ಎತ್ತರದವರೆಗೆ ಏನಿದ್ದರೂ ಅಡ್ಡಿಯಿಲ್ಲ. ಮನೆಯ ಪಕ್ಕದ ಕಬ್ಬು 12 ಅಡಿ ಬೆಳೆದಿದೆ, ತಟ್ಟೆ ನೆಲದಿಂದ 3 ಅಡಿ ಮೇಲಿದೆ ಎನ್ನೋಣ. ವ್ಯತ್ಯಾಸ 9 ಅಡಿ. ಆದ್ದರಿಂದ ಕಬ್ಬಿನಿಂದ ನಾಲ್ಕೈದು ಅಡಿ ದೂರವಿದ್ದರೆ ಸಾಕು. 50 ಅಡಿ ಎತ್ತರದ ತೆಂಗಿನ ಮರವಾದರೆ ವ್ಯತ್ಯಾಸ 47 ಅಡಿ, ದೂರ 21 ಅಡಿಗೂ ಮೇಲೆ. ಇದಕ್ಕೆ ಗರಿಗಳ ಹರವನ್ನು ಸೇರಿಸಿ ಬುಡದಿಂದ 35 ಅಡಿಯಾದರೂ ಬಿಡಬೇಕು. ಎಳೆಯ ತೆಂಗು, ತೇಗ, ಸಿಲ್ವರ್ ಓಕ್ ಗಿಡಗಳು ಮುಂದೆ ಬೆಳೆಯುತ್ತವೆ ಎಂಬುದನ್ನು ಮರೆಯಬಾರದು. ತಟ್ಟೆಗಾಗಿ ಫಲ ಕೊಡುವ ಮರವನ್ನು ಕಡಿಯಬೇಕಾಗಿಲ್ಲ, ತಟ್ಟೆಯನ್ನೇ ಸರಿಸಿದರಾಯಿತು.

ಇದನ್ನು ಪರೀಕ್ಷಿಸಲು ಸೂರ್ಯನೇ ವರ್ಷಕ್ಕೆರಡು ಸಲ ನೆರವಾಗುತ್ತಾನೆ. ಮಾರ್ಚ್ 14, 15ರ ಸುಮಾರಿಗೆ ಬೆಳಿಗ್ಗೆ 11 ಗಂಟೆ 15 ನಿಮಿಷದ ಹೊತ್ತಿಗೆ ಹಾಗೂ ಸೆಪ್ಟೆಂಬರ್ 28, 29ರ ಸುಮಾರಿಗೆ 10 ಗಂಟೆ 55 ನಿಮಿಷದ ಹೊತ್ತಿಗೆ ನಮ್ಮ ಭಾಗದಲ್ಲಿ ಸೂರ್ಯ ಸರಿಯಾಗಿ ಈ ಉಪಗ್ರಹದ ಹಿಂದೆ ಬರುತ್ತಾನೆ. ಆ ಗಳಿಗೆಯಲ್ಲಿ ತಟ್ಟೆ ಇಡಬೇಕೆಂದಿರುವ ಜಾಗದ ಮೇಲೆ ಪೂರ್ಣ ಬಿಸಿಲಿದ್ದರೆ ಜಾಗ ಯೋಗ್ಯ. ಮರದ ನೆರಳು ಬಿದ್ದರೆ ಅಯೋಗ್ಯ. ಈಗಾಗಲೇ ತಟ್ಟೆ ಇರುವವರಿಗೆ ಆ ದಿನಗಳಲ್ಲಿ ಕೆಲವು ನಿಮಿಷ ಚಿತ್ರ ಒಡೆಯಬಹುದು. ಅದು ಸೂರ್ಯನ ಪ್ರಭಾವ. ತಟ್ಟೆಯನ್ನು ಮುಟ್ಟದೆ ಕಾಯಬೇಕು.

ಜೋಡಿಸುವ ಕ್ರಮ

ಕಂಬವನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಬೇಕು. ಕಂಬ ವಾಲಿದರೆ ಮುಂದಿನ ಯಾವ ಅಳತೆಯೂ ಸರಿಬಾರದು. ಬುಡಕ್ಕೆ ಕಾಂಕ್ರೀಟ್ ಹಾಕಿ ಚೆನ್ನಾಗಿ ಗಟ್ಟಿಯಾಗುವವರೆಗೆ ಬಿಡಬೇಕು. ಮಾರುಕಟ್ಟೆಯಲ್ಲಿ ದೊರೆಯುವ ಚಿಕ್ಕ ತಟ್ಟೆಗಳು ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಮೇಲಕ್ಕೆ ನೋಡುತ್ತವೆ. ಆದ್ದರಿಂದ ತಟ್ಟೆಯ ಹಿಂದಿನ ಹಿಡಿಕೆಯ ಮೇಲೆ ಡಿಗ್ರಿ ಗುರುತುಗಳಿದ್ದರೆ ಅದರಲ್ಲೇ 65ಕ್ಕೆ ನಿಲ್ಲಿಸಬೇಕು. ಕಣ್ಣಂದಾಜು ಮೋಸಮಾಡುತ್ತದೆ.

ತಟ್ಟೆಯ ಮುಂದಿನ ತೋಳಿನಲ್ಲಿರುವ ಎಲ್‌ಎನ್‌ಬಿ ಎಂಬ ಬಿಡಿಭಾಗವನ್ನೂ ತಿರುಗಿಸಬೇಕೆಂಬುದು ಹಲವರಿಗೆ ತಿಳಿಯದು. ತಟ್ಟೆಯ ಹಿಂದೆ ನಿಂತು ಉಪಗ್ರಹದ ಕಡೆ ನೋಡುವಾಗ ಅದನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುಮಾರು 50 ಡಿಗ್ರಿ ತಿರುಗಿಸಬೇಕು. ಹೀಗೆ ಮಾಡದಿದ್ದರೆ ದಿಕ್ಕು ಸರಿಯಿದ್ದರೂ ಕೆಲವು ವಾಹಿನಿಗಳು ಬಾರದೆ ಹೋಗಬಹುದು.

ನಂತರ ಒಬ್ಬರು ಟಿ.ವಿ. ಮುಂದೆ, ಒಬ್ಬರು ತಟ್ಟೆಯ ಬಳಿ ನಿಲ್ಲಬೇಕು. ಪೆಟ್ಟಿಗೆಯ ಪರದೆಯಲ್ಲಿ ಸಂಕೇತದ ಬಲ ಮತ್ತು ಗುಣಮಟ್ಟ ಎಂಬ ಎರಡು ಪಟ್ಟಿಗಳು ಕಾಣುತ್ತವೆ. ಬಲದ ಪಟ್ಟಿಯನ್ನು ನೆಚ್ಚಬಾರದು. ಲಕ್ಷ್ಯವಿಡಬೇಕಾದುದು ಗುಣಮಟ್ಟದ ಮೇಲೆ. ತಟ್ಟೆಯನ್ನು ಅಂಗುಲದ ಕಾಲು ಭಾಗದಷ್ಟು ಸರಿಸಿ, ನಾಲ್ಕೈದು ಸೆಕೆಂಡು ನಿಂತು, ಮತ್ತೆ ಸರಿಸಬೇಕು. ಗುಣಮಟ್ಟ ಅತಿ ಹೆಚ್ಚಿದ ಜಾಗದಲ್ಲಿ ನಟ್ಟುಗಳನ್ನು ಒಂದೊಂದಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. 60 ಸೆಂ.ಮೀ. ತಟ್ಟೆ ಒಂದೆರಡು ಡಿಗ್ರಿ ತಪ್ಪಿದರೂ ಸಂಕೇತ ಕುಗ್ಗಿ ಮೊದಲ ಮಳೆಗೇ ಚಿತ್ರ ಹೋಗುತ್ತದೆ.

ಕೇಬಲ್ ಆರ್‌ಜಿ-6 ಎಂಬ ಗುರುತಿನದಿರಲಿ. ನಡುವೆ ಜೋಡು ಹಾಕಬಾರದು. ಹೊರಗಿನ ತುದಿಗಳಿಗೆ ನೀರು ಇಳಿಯದಂತೆ ಟೇಪು ಸುತ್ತಬೇಕು. ಇಲಿಗಳು ಕಡಿಯುವ ಕಡೆ ಕೊಳವೆಯೊಳಗೆ ಹಾಯಿಸಬೇಕು. ಪೆಟ್ಟಿಗೆಯಿಂದ ಎಲ್‌ಎನ್‌ಬಿಗೆ ಈ ಕೇಬಲ್ ಮೂಲಕವೇ 13 ಅಥವಾ 18 ವೋಲ್ಟ್ ವಿದ್ಯುತ್ ಹೋಗುತ್ತದೆ. ಆದ್ದರಿಂದ ಕೇಬಲ್ ಬಿಚ್ಚುವ, ಹಾಕುವ ಮುನ್ನ ಪೆಟ್ಟಿಗೆಯನ್ನು ಆರಿಸಬೇಕು.

ಪೆಟ್ಟಿಗೆ ಕೊಳ್ಳುವಾಗ

ಎಂಪೆಗ್-4 ಮಾದರಿಯ ಪೆಟ್ಟಿಗೆ ಕೊಳ್ಳುವುದು ಲೇಸು. ಹಳೆಯ ಎಂಪೆಗ್-2 ಪೆಟ್ಟಿಗೆಯಲ್ಲಿ ಕೆಲವು ವಾಹಿನಿಗಳು ಬಾರವು. ಮೊದಲು ಚಂದಾ ಕಟ್ಟುತ್ತಿದ್ದ ಖಾಸಗಿ ಸೇವೆಯ ತಟ್ಟೆ ಮೂಲೆಯಲ್ಲಿ ಬಿದ್ದಿದ್ದರೆ, ಅದು ಡೊಂಕಾಗದೆ ತುಕ್ಕು ಹಿಡಿಯದೆ ಇದ್ದರೆ, ಅದನ್ನೇ ಹೊಸ ದಿಕ್ಕಿಗೆ ತಿರುಗಿಸಿ ಬಳಸಬಹುದು. ಉಚಿತ ವಾಹಿನಿಗಳ ಪಟ್ಟಿ ಆಗಾಗ್ಗೆ ಬದಲಾಗುತ್ತದೆ. ಖಾಸಗಿ ವಾಹಿನಿಗಳು ಹರಾಜಿನಲ್ಲಿ ಸ್ಥಾನ ಪಡೆದು ಬರುತ್ತವೆ, ಬಿಟ್ಟುಹೋಗುತ್ತವೆ. ಆದ್ದರಿಂದ ಯಾವುದೋ ಒಂದು ಧಾರಾವಾಹಿಯನ್ನು ನೆಚ್ಚಿ ಕೊಳ್ಳಬಾರದು. ವಾಹಿನಿ ಕಾಣದಾದಾಗ ತಟ್ಟೆ ತಿರುಗಿಸುವ ಮೊದಲು ಪೆಟ್ಟಿಗೆಯಲ್ಲಿ ಮರುಶೋಧನೆ ಮಾಡಿ ನೋಡಬೇಕು.

ಸುರಕ್ಷತೆ

ವಿದ್ಯುತ್ ತಂತಿಯಿಂದ ಕಂಬದ ಉದ್ದದ ಒಂದೂವರೆ ಪಟ್ಟಾದರೂ ದೂರವಿರಬೇಕು. ಕಂಬ ಯಾವ ಕಡೆ ಬಿದ್ದರೂ ತಂತಿ ಮುಟ್ಟಬಾರದು. ಹಳೆಯ ಕಡ್ಡಿ ಆಂಟೆನಾ ಮತ್ತು ಕೊಳವೆಯನ್ನು ಇಬ್ಬರು ಮೂವರು ಸೇರಿ, ಗಾಳಿ ಮಳೆ ಇಲ್ಲದ ಹೊತ್ತಿನಲ್ಲಿ ಇಳಿಸಬೇಕು. ಹತ್ತಿರ ತಂತಿಯಿದ್ದರೆ ವಿದ್ಯುತ್ ಇಲಾಖೆಯ ಲೈನ್‌ಮನ್‌ಗೆ ತಿಳಿಸಿ ವಿದ್ಯುತ್ ನಿಲ್ಲಿಸಿದ ಮೇಲೆಯೇ ಕೆಲಸ ಮಾಡತಕ್ಕದ್ದು. ಗುಡುಗು ಮಿಂಚು ಆರಂಭವಾಗುವ ಮೊದಲೇ ವಿದ್ಯುತ್ ಪ್ಲಗ್ ಮತ್ತು ಆಂಟೆನಾ ಕೇಬಲ್ ಎರಡನ್ನೂ ತೆಗೆದಿಡಬೇಕು. ಮಿಂಚುತ್ತಿರುವಾಗ ಕೇಬಲ್ ಮುಟ್ಟಬಾರದು.

ನೆನಪಿಡಬೇಕಾದ ಅಂಶಗಳು

1. ಹಳೆಯ ಕಡ್ಡಿ ಆಂಟೆನಾಕ್ಕೆ ಹಣ ಹಾಕಬೇಡಿ.
2. ಎತ್ತರ ಬೇಡ. ಆಗ್ನೇಯದತ್ತ ತೆರವಾದ ಆಕಾಶ ಬೇಕು.
3. ದಿಕ್ಕಿಗೆ ಪೂರ್ವಕ್ಕೆ 4, ದಕ್ಷಿಣಕ್ಕೆ 3ರ ಲೆಕ್ಕ. ಎತ್ತರಕ್ಕೆ 65 ಡಿಗ್ರಿ.
4. ಮರದ ಎತ್ತರದ ವ್ಯತ್ಯಾಸವನ್ನು 2.2ರಿಂದ ಭಾಗಿಸಿ, ಗರಿಗಳ ಹರವು ಸೇರಿಸಿ ದೂರ ಬಿಡಿ.
5. ಬಲವಲ್ಲ, ಗುಣಮಟ್ಟ ನೋಡಿ ನಟ್ಟು ಬಿಗಿಯಿರಿ.
6. ವಿದ್ಯುತ್ ತಂತಿಯ ಬಳಿ ಕಂಬ ಎತ್ತಬೇಡಿ.

ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯ ಒಂದೊಂದು ಊರಿನಲ್ಲಿ ಒಂದು ಮನೆಯ ತಟ್ಟೆಯನ್ನು ಎಲ್ಲರೆದುರು ಹೀಗೆ ಜೋಡಿಸಿ ತೋರಿಸಿದರೆ ಉಳಿದವರು ನೋಡಿ ಕಲಿಯುತ್ತಾರೆ. ಒಂದು ಹಗ್ಗ, ಒಂದು ಕೋಲು, ಒಂದು ತೂಗುಗುಂಡು ಇಷ್ಟಿದ್ದರೆ ಅರ್ಧ ಕೆಲಸ ಮುಗಿದಂತೆಯೇ.