ಮಳೆಯಲ್ಲಿ ಟೈರು ಮಾಡುವ ಕೆಲಸ

ಮೈಸೂರಿನ ಮೇಟಗಳ್ಳಿಯ ಟೈರು ಕಾರ್ಖಾನೆಯನ್ನು ನೀವೂ ನೋಡಿರುತ್ತೀರಿ. 1997ರಲ್ಲಿ ಅದು ಜೆ.ಕೆ. ಟೈರ್ ಕಂಪನಿಯ ಕೈಗೆ ಹೋಯಿತು. ಹಳಬರು ಮಾತ್ರ ಈಗಲೂ ವಿಕ್ರಾಂತ್ ಅಂತಲೇ ಅನ್ನೋದು. ಟೈರಿನ ಮೈಮೇಲೆ ಕಾಲುವೆ ಥರ ಗೆರೆ ಕೊರೆದಿರುತ್ತಾರಲ್ಲ, ಅದು ಅಂದಕ್ಕಲ್ಲ. ನೀರಿಗೆ ದಾರಿ ಬಿಡೋದಕ್ಕೆ.

ಮಳೆ ಬಿದ್ದಾಗ ಟೈರಿಗೂ ರಸ್ತೆಗೂ ನಡುವೆ ನೀರು ಸೇರುತ್ತದೆ. ನಿಧಾನ ಹೋದರೆ ಟೈರು ನೀರನ್ನು ಪಕ್ಕಕ್ಕೆ ತಳ್ಳಿ ನೆಲ ಹಿಡಿಯುತ್ತದೆ. ವೇಗ ಹೆಚ್ಚಿದರೆ ತಳ್ಳಲು ಸಮಯ ಸಾಲದು. ನೀರೇ ಟೈರನ್ನು ಮೇಲೆತ್ತಿಬಿಡುತ್ತದೆ. ಆಗ ಗಾಡಿ ದೋಣಿ ಇದ್ದ ಹಾಗೆ. ಸ್ಟೀರಿಂಗ್ ತಿರುಗಿಸಿದರೂ ತಿರುಗದು, ಬ್ರೇಕ್ ಒತ್ತಿದರೂ ನಿಲ್ಲದು. ಸವೆದ ಚಪ್ಪಲಿ ಹಾಕಿಕೊಂಡು ನಲ್ಲಿ ಕಟ್ಟೆ ಮೇಲೆ ಜಾರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫಾರ್ಮುಲಾ-1 ಕಾರಿನ ಈಗಿನ ಮಳೆ ಟೈರು 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 85 ಲೀಟರ್ ನೀರು ಎರಚುತ್ತದಂತೆ. ಅಂದರೆ ಐದಾರು ಬಿಂದಿಗೆ, ಅದೂ ಒಂದೇ ಟೈರು! ಆ ನೀರೆಲ್ಲ ಮಂಜಿನ ಹಾಗೆ ಹಿಂದಿನವನ ಕಣ್ಣು ಮುಚ್ಚುತ್ತದೆ.

ಇದಕ್ಕೆ ನಾನು ಕೊಡುವ ಉದಾಹರಣೆ ಡೇಮನ್ ಹಿಲ್. ಇಂಗ್ಲೆಂಡಿನವನು. ಅಪ್ಪ ಗ್ರಹಾಂ ಹಿಲ್ 1962 ಮತ್ತು 1968ರ ವಿಶ್ವ ಚಾಂಪಿಯನ್. 1975ರಲ್ಲಿ ಅಪ್ಪ ತಾನೇ ಹಾರಿಸುತ್ತಿದ್ದ ವಿಮಾನ ಮಂಜಿನಲ್ಲಿ ಬಿದ್ದು ತೀರಿಕೊಂಡಾಗ ಹುಡುಗನಿಗೆ 15 ವರ್ಷ. ಮನೆಯಲ್ಲಿ ದುಡ್ಡಿಗೆ ಕಷ್ಟ. ಕೂಲಿ ಕೆಲಸ ಮಾಡಿದ, ಮೋಟಾರ್ ಸೈಕಲ್ಲಿನಲ್ಲಿ ಕಾಗದ ಪತ್ರ ಹಂಚಿದ. ದೊಡ್ಡವರ ಮಗ, ಎಲ್ಲ ಸುಲಭವಾಗಿ ಸಿಕ್ಕಿರುತ್ತೆ ಅನ್ನುವವರು ಇದನ್ನು ಓದಬೇಕು. ಆದರೂ ಹೆಲ್ಮೆಟ್ಟಿಗೆ ಬಳಿಸಿದ್ದು ಅಪ್ಪನದೇ ಗುರುತು: ಕಡುನೀಲಿ ಮೇಲೆ ಬಿಳಿ ಹುಟ್ಟುಗಳು.

1994ರ ನವೆಂಬರ್ 6, ಜಪಾನಿನ ಸುಜುಕಾ. ಚಾಂಪಿಯನ್ ಪಟ್ಟಕ್ಕೆ ಮೈಕೇಲ್ ಶುಮಾಕರ್ 5 ಅಂಕ ಮುಂದಿದ್ದ. ಬಾಕಿ ಉಳಿದದ್ದು ಎರಡೇ ರೇಸು. ಅವತ್ತು ಜಡಿಮಳೆ. ಶುರುವಿನಲ್ಲೇ ಕಾರುಗಳು ಒಂದೊಂದಾಗಿ ಜಾರಿ ಹೊರಗೆ ಹೋದವು. ಜಾರಿದ ಒಂದು ಕಾರು ಟ್ರ್ಯಾಕ್ ಪಕ್ಕ ಕೆಲಸ ಮಾಡುತ್ತಿದ್ದವರೊಬ್ಬರಿಗೆ ಬಡಿದು ಅವರ ಕಾಲು ಮುರಿಯಿತು. (ಮಳೆ ರೇಸಿನ ಅಪಾಯ ಓಡಿಸುವವನಿಗೆ ಮಾತ್ರ ಅಂದುಕೊಂಡಿದ್ದೆವಲ್ಲ!) ಕೆಂಪು ಬಾವುಟ ತೋರಿಸಿ ಎಲ್ಲರನ್ನೂ ನಿಲ್ಲಿಸಿದರು.

ಮತ್ತೆ ಶುರುವಾದಾಗ ಲೆಕ್ಕ ಸ್ವಲ್ಪ ತಿರುಗು. ಎರಡೂ ಭಾಗಗಳ ಸಮಯ ಕೂಡಿಸಬೇಕು. ಮೊದಲ ಭಾಗದಲ್ಲಿ ಶುಮಾಕರ್ ಸುಮಾರು 7 ಸೆಕೆಂಡು ಮುಂದಿದ್ದ. ಹಾಗಾಗಿ ಕಣ್ಣಿಗೆ ಹಿಲ್ ಮುಂದೆ ಕಂಡರೂ ಲೆಕ್ಕದಲ್ಲಿ ಹಿಂದಿರಬಹುದು. ಹಿಲ್ ಟೈರು ಬದಲಿಸಲು ಒಂದೇ ಸಲ ನಿಂತ, ಶುಮಾಕರ್ ಎರಡು ಸಲ. ಅಲ್ಲೂ ಒಂದು ಎಡವಟ್ಟು: ಹಿಲ್ ಕಾರಿನ ಬಲ ಹಿಂದಿನ ಚಕ್ರ ಕಳಚಿ ಬರಲೇ ಇಲ್ಲ! ಮೂರು ಹೊಸ ಟೈರು, ಒಂದು ಹಳೇದು, ಹಾಗೇ ಕಳಿಸಿಬಿಟ್ಟರು. ಗೆರೆ ಸವೆದ ಟೈರು ಮಳೆಯಲ್ಲಿ ಏನು ಮಾಡುತ್ತೆ ಅಂತ ಮೇಲೆ ಓದಿದಿರಲ್ಲ. ಕೊನೆಯ ಸುತ್ತುಗಳಲ್ಲಿ ಶುಮಾಕರ್ ಅಂತರ ತಿನ್ನುತ್ತಾ ಬಂದ. ಆದರೂ ಹಿಲ್ ಜಾರಲಿಲ್ಲ. 50 ಸುತ್ತಿನ ಮೇಲೆ ಗೆದ್ದದ್ದು 3.365 ಸೆಕೆಂಡಿನಿಂದ.

ಆ ವರ್ಷದ ಪಟ್ಟ ಮುಂದಿನ ರೇಸಿನಲ್ಲಿ 1 ಅಂಕದಿಂದ ತಪ್ಪಿತು. 1996ರಲ್ಲಿ ಅದೇ ಸುಜುಕಾದಲ್ಲಿ ಚಾಂಪಿಯನ್ ಆದ. ಚಾಂಪಿಯನ್ನನ ಮಗ ಚಾಂಪಿಯನ್ ಆದದ್ದು ಅದೇ ಮೊದಲು.

ನಮ್ಮಲ್ಲೂ ಅಪ್ಪ-ಮಗ ಇಬ್ಬರೂ ರೇಸಿಗಿಳಿದವರಿದ್ದಾರೆ. ಬೆಂಗಳೂರಿನ ಗೌತಮ್ ಮೈನಿ, ಅವರ ಮಕ್ಕಳು ಅರ್ಜುನ್, ಕುಶ್. ಗ್ರಹಾಂ ಹಿಲ್ ಐದು ಸಲ ಗೆದ್ದ ಮೊನಾಕೊದಲ್ಲೇ 2025ರ ಮೇ ತಿಂಗಳಲ್ಲಿ ಕುಶ್ ಫಾರ್ಮುಲಾ-2ರ ಒಂದು ರೇಸ್ ಗೆದ್ದರು. ಅವತ್ತು ಮಳೆ ಇರಲಿಲ್ಲ.